ಮಳೆ ಲೆಕ್ಕದ ಪುಸ್ತಕದಲ್ಲಿ ಮಾತ್ರೆಯ ದಿನಗಳು: ಖಿನ್ನತೆಯ ಔಷಧಿ ಆರಂಭಿಸಿದ ಒಬ್ಬ ಬೆಳೆಗಾರರ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ವ್ಯಕ್ತಿ ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ಸಣ್ಣ ಕಾಫಿ ಬೆಳೆಗಾರರು. ವಯಸ್ಸು ನಲವತ್ತು ದಾಟಿದೆ. ಅವರ ಮತ್ತು ಅವರ ಪತ್ನಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹೆಸರಿನ ಜಾಗದಲ್ಲಿ ‘ಬೆಳೆಗಾರರು’ ಎಂದಷ್ಟೇ ಬಳಸಿದ್ದೇನೆ. ಔಷಧಿಯ ಪ್ರಮಾಣ, ದಿನಗಳ ಲೆಕ್ಕ ಮತ್ತು ಆಗ ತೆಗೆದುಕೊಂಡ ತೀರ್ಮಾನಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ನಾನು ಆಪ್ತಸಮಾಲೋಚಕಿ, ಔಷಧಿ ಬರೆಯುವವಳಲ್ಲ. ಇಲ್ಲಿ ಬರುವ ಔಷಧಿಯ ತೀರ್ಮಾನಗಳೆಲ್ಲ ಮನೋವೈದ್ಯರವು. ಆ ತೀರ್ಮಾನಗಳು ಒಂದು ಮನೆಯೊಳಗೆ ಹೇಗೆ ನಡೆದವು, ಎಲ್ಲಿ ಎಡವಿದವು ಎಂಬುದನ್ನು ಹತ್ತಿರದಿಂದ ನೋಡುವುದು ನನ್ನ ಪಾಲಿಗೆ ಬಂದಿತ್ತು.

ಬೆಳೆಗಾರರಿಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿತ್ತು, ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಊಟ ರುಚಿಸುತ್ತಿರಲಿಲ್ಲ, ಒಂದು ವರ್ಷದೊಳಗೆ ಆರು ಕಿಲೋ ತೂಕ ಇಳಿದಿತ್ತು. ತೋಟಕ್ಕೆ ಹೋಗುವುದನ್ನು ಬಿಟ್ಟಿದ್ದರು, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡಿಸುವ ಕಾಲ ಕಳೆದುಹೋದರೂ ಆಳುಗಳನ್ನು ಕರೆದಿರಲಿಲ್ಲ. ಕಾಳುಮೆಣಸಿನ ಬಳ್ಳಿಗಳು ಸೊರಗು ರೋಗಕ್ಕೆ ಹೋದ ಮೇಲೆ ಹೀಗಾಯಿತು ಎಂದು ಅವರು ಹೇಳಿದರೆ, 2018ರ ಆಗಸ್ಟ್‌ನಲ್ಲಿ ಬರೆ (ಗುಡ್ಡದ ಕಡಿದಾದ ಇಳಿಜಾರು) ಜಾರಿ ತೋಟದ ಅಂಚು ಹೋದಾಗಿನಿಂದಲೇ ಮನಸ್ಸಿನಲ್ಲಿ ಏನೋ ಕೂತಿತ್ತು ಎಂದು ಅವರ ಅಣ್ಣ ಹೇಳುತ್ತಿದ್ದರು. ಎರಡರಲ್ಲೂ ಸತ್ಯವಿರಬಹುದು. ಆದರೆ ಕಾರಣ ಖಚಿತವಾಗುವವರೆಗೆ ಚಿಕಿತ್ಸೆಯನ್ನು ತಡೆಹಿಡಿಯಬೇಕಾಗಿಲ್ಲ ಎಂಬುದನ್ನು ಆ ಕುಟುಂಬಕ್ಕೆ ಒಪ್ಪಿಸುವುದಕ್ಕೇ ಒಂದು ಇಡೀ ಭೇಟಿ ಹಿಡಿಯಿತು.

ಮೊದಲ ಪ್ರಯತ್ನ ಮತ್ತು ನಾಲ್ಕನೆಯ ದಿನ

ನಮ್ಮ ಬಳಿ ಬರುವ ಎಂಟು ತಿಂಗಳ ಮೊದಲು, ಎದೆ ಹಿಡಿದಂತಾಗುತ್ತದೆ ಎಂದು ಅವರು ಒಬ್ಬ ವೈದ್ಯರನ್ನು ಕಂಡಿದ್ದರು. ಇಸಿಜಿ ಸರಿಯಾಗಿತ್ತು. ಇದು ಖಿನ್ನತೆ ಇರಬಹುದು ಎಂದು ಸರಿಯಾಗಿಯೇ ಗುರುತಿಸಿದ ಆ ವೈದ್ಯರು ಎಸಿಟಾಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆಯನ್ನು 10 ಮಿಲಿಗ್ರಾಂ ಬರೆದು, ಒಂದು ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ರೋಗನಿರ್ಣಯದಲ್ಲಾಗಲಿ ಔಷಧಿಯ ಆಯ್ಕೆಯಲ್ಲಾಗಲಿ ತಪ್ಪಿರಲಿಲ್ಲ. ಆದರೆ ಮಾತ್ರೆ ನುಂಗಿದ ಮೇಲೆ ಮೊದಲ ವಾರಗಳಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಎರಡನೆಯ ದಿನ ಹೊಟ್ಟೆ ತೊಳಸಿತು, ಮೂರನೆಯ ದಿನ ತಲೆ ಭಾರವಾಗಿ ಮೈಯೆಲ್ಲ ಬೆವರಿತು, ಆ ರಾತ್ರಿ ಕೂತಲ್ಲಿ ಕೂರಲಾಗದ ಚಡಪಡಿಕೆ ಬಂತು. ನಾಲ್ಕನೆಯ ದಿನ ಅವರು ಮಾತ್ರೆಯ ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಎಸೆದರು. ಈ ಮಾತ್ರೆ ನನಗೆ ಆಗಿಬರುವುದಿಲ್ಲ ಎನ್ನುವುದು ಅಂದಿನಿಂದ ಅವರ ಪಾಲಿಗೆ ತೀರ್ಮಾನವಾಗಿಹೋಯಿತು, ಅದನ್ನು ಬದಲಿಸಲು ಎಂಟು ತಿಂಗಳು ಬೇಕಾಯಿತು.

ಆ ಎಂಟು ತಿಂಗಳಲ್ಲಿ ಕಾಯಿಲೆ ಏನೇನು ಕಿತ್ತುಕೊಂಡಿತು ಎಂಬುದಕ್ಕೆ ಒಂದು ವಸ್ತುವನ್ನು ತೋರಿಸಬಲ್ಲೆ. ಕೊಡಗಿನ ಬಹುತೇಕ ಬೆಳೆಗಾರರಂತೆ ಇವರ ಮನೆಯಲ್ಲೂ ಮಳೆ ಲೆಕ್ಕದ ಪುಸ್ತಕವಿತ್ತು. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಪ್ರತಿ ಬೆಳಿಗ್ಗೆ ಅಳತೆಯ ಗಾಜಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೆಯ ಒಂದು ಪಾಲು) ಎಂದು ಬರೆದಿಡುವ ಪದ್ಧತಿ ಅವರ ತಂದೆಯ ಕಾಲದ್ದು. ಪತ್ನಿ ಆ ಪುಸ್ತಕವನ್ನು ನನಗೆ ತೋರಿಸಿದಾಗ, ಫೆಬ್ರವರಿಯಿಂದ ಈಚಿನ ಪುಟಗಳಲ್ಲಿ ಏನೂ ಇರಲಿಲ್ಲ. ಕಾಫಿ ಬೆಳೆಗಾರರೊಬ್ಬರು, ಕಾಫಿ ಗಿಡವನ್ನು ಹೂಬಿಡಿಸುವ ಹೂಮಳೆಯ ಲೆಕ್ಕವನ್ನೇ ಬರೆಯಲಿಲ್ಲ ಎಂದರೆ ಆ ಮನಸ್ಸು ಎಲ್ಲಿಗೆ ಇಳಿದಿತ್ತು ಎಂಬುದನ್ನು ಇಲ್ಲಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಆರಂಭಕ್ಕೆ ಮೊದಲು

ಜೂನ್ ಎರಡನೆಯ ವಾರ, ಮಳೆ ಹಿಡಿದ ಮೇಲೆ, ಪತ್ನಿ ಮತ್ತು ಅಣ್ಣ ಸೇರಿ ಅವರನ್ನು ಮನೋವೈದ್ಯರ ಬಳಿಗೆ ಕರೆತಂದರು. ಖಿನ್ನತೆಯ ತೀವ್ರತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ, 27ರಲ್ಲಿ ಅವರಿಗೆ 19 ಅಂಕ ಬಂದವು. ವೈದ್ಯರು ಥೈರಾಯ್ಡ್, ಹಿಮೋಗ್ಲೋಬಿನ್ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿದರು, ಏಕೆಂದರೆ ಥೈರಾಯ್ಡ್ ಕುಂದಿದರೂ ರಕ್ತಹೀನತೆಯಿದ್ದರೂ ಮನುಷ್ಯ ಹೀಗೆಯೇ ಸೋತು ಕೂರಬಹುದು. ನಿದ್ದೆಯೇ ಬೇಡವೆನಿಸುವಷ್ಟು ಹುರುಪು ಬಂದು, ಕೈಮೀರಿ ಖರ್ಚು ಮಾಡಿದ ಕಾಲ ಹಿಂದೆ ಯಾವಾಗಲಾದರೂ ಇತ್ತೇ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅಂಥದ್ದಿತ್ತೇ ಎಂದು ಬಹಳ ಹೊತ್ತು ವಿಚಾರಿಸಿದರು. ಇದ್ದಿದ್ದರೆ ಖಿನ್ನತೆಯ ಮಾತ್ರೆಯನ್ನು ಒಂದನ್ನೇ ಕೊಡುವುದು ಅಪಾಯ. ಅದು ಮನಸ್ಸನ್ನು ಕೆಳಗಿನಿಂದ ಎತ್ತಿ ಉನ್ಮಾದದ ಕಡೆಗೆ ದೂಡಬಲ್ಲದು. ಇವರಲ್ಲಿ ಅಂಥದ್ದೇನೂ ಕಾಣಲಿಲ್ಲ. ಮಂಡಿನೋವಿಗೆ ಅವರು ಆಗಾಗ ನುಂಗುತ್ತಿದ್ದ ಡೈಕ್ಲೋಫೆನಾಕ್ ನಿಲ್ಲಿಸಿ ಪ್ಯಾರಸಿಟಮಾಲ್ ಸಾಕೆಂದರು, ಏಕೆಂದರೆ ಆ ನೋವಿನ ಮಾತ್ರೆಯೂ ಈ ಔಷಧಿಯೂ ಕೂಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚುತ್ತದೆ. ಸಂಜೆಯ ಮದ್ಯವನ್ನು ಸದ್ಯಕ್ಕೆ ಪೂರ್ತಿ ಬಿಡಬೇಕು ಎಂದಾಗ ಬೆಳೆಗಾರರು ಮೊದಲ ಬಾರಿಗೆ ತಲೆಯೆತ್ತಿ ವೈದ್ಯರನ್ನು ನೋಡಿದರು, ಆದರೆ ಎದುರಾಡಲಿಲ್ಲ.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಗೆ ಸಂಬಂಧಿಸಿದ್ದು. ಬೆಳೆಗಾರರು ಅದಕ್ಕೆ ‘ಕೆಲವು ದಿನ’ ಎಂದು ಗುರುತು ಹಾಕಿದ್ದರು. ವೈದ್ಯರು ಅದನ್ನು ಓದಿ ಮುಂದೆ ಹೋಗಲಿಲ್ಲ. ಮನೆಯಲ್ಲಿ ಕೋವಿ ಇದೆಯೇ ಎಂದು ನೇರವಾಗಿ ಕೇಳಿದರು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ವಿನಾಯಿತಿ ಇರುವ ಈ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಕೇಳದೆ ಚಿಕಿತ್ಸೆ ಆರಂಭಿಸಬಾರದು ಎಂದು ನಾನು ದೃಢವಾಗಿ ನಂಬಿದ್ದೇನೆ. ಕೋವಿ ಇತ್ತು. ಅದನ್ನು ಅಣ್ಣ ಅಂದೇ ಸಂಜೆ ತಮ್ಮ ಮನೆಗೆ ಒಯ್ದು ಬೀಗ ಹಾಕಿದರು. ಕೋವಿಯನ್ನು ಮನೆಯಿಂದ ಆಚೆ ಕಳಿಸುವುದು ಅವಮಾನ ಎಂದು ತಾಯಿ ಅತ್ತರು. “ಅವ್ವ, ಮಳೆಗೆ ತುಕ್ಕು ಹಿಡಿಯುತ್ತದೆ, ನಾನು ಎಣ್ಣೆ ಹಾಕಿ ಇಟ್ಟುಕೊಂಡಿರುತ್ತೇನೆ” ಎಂದು ಅಣ್ಣ ಹೇಳಿದ್ದು ಸುಳ್ಳೂ ಆಗಿರಲಿಲ್ಲ, ಯಾರ ಮನಸ್ಸನ್ನೂ ನೋಯಿಸುವಂತೆಯೂ ಇರಲಿಲ್ಲ.

ಆಮೇಲೆ ನನ್ನ ಕೆಲಸ ಬಂತು. ಮಾತ್ರೆ ಆಗಿಬರುವುದಿಲ್ಲ ಎಂದು ನಂಬಿದ ಮನುಷ್ಯನಿಗೆ ಅದೇ ಮಾತ್ರೆಯನ್ನು ಮತ್ತೆ ಕೊಡಬೇಕಿತ್ತು. ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತೀರಲ್ಲ, ಅದನ್ನು ತಿಂದ ಮೇಲೆ ಮೂತ್ರ ಕೆಂಪಾದಾಗ ಯಾರಾದರೂ ಹೆದರಿ ಆಸ್ಪತ್ರೆಗೆ ಓಡಿದ್ದುಂಟೇ ಎಂದು ಕೇಳಿದೆ. “ಅದು ಆಗಲೇಬೇಕಲ್ಲ ಮೇಡಂ, ಮದ್ದು ಮೈಗೆ ಹತ್ತಿದ ಗುರುತು ಅದು” ಎಂದರು ಪತ್ನಿ. ಚಿಕ್ಕಂದಿನಲ್ಲೇ ಹಿರಿಯರು ಹೇಳಿಕೊಟ್ಟಿದ್ದರಿಂದ ಆ ಕೆಂಪು ಬಣ್ಣ ಈ ನಾಡಿನಲ್ಲಿ ಯಾರನ್ನೂ ಹೆದರಿಸುವುದಿಲ್ಲ. ಗೊತ್ತಿಲ್ಲದ ಹೊರಗಿನವರು ನೋಡಿದರೆ ರಕ್ತವೆಂದು ಕಂಗಾಲಾಗುತ್ತಾರೆ. ಹಿಂದಿನ ಸಲ ನಿಮಗೆ ಆಗಿದ್ದೂ ಅದೇ, ಆಗುವುದನ್ನು ಯಾರೂ ಮೊದಲೇ ಹೇಳಲಿಲ್ಲ ಎಂದೆ. ಬೆಳೆಗಾರರು ಏನೂ ಹೇಳದೆ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದರು, ಕೊನೆಗೆ “ಹಾಗಾದರೆ ಈ ಸಲ ಎಲ್ಲವನ್ನೂ ಹೇಳಿ” ಎಂದರು.

ಹೇಳಿದೆವು. ಈ ಮಾತ್ರೆ ಕೆಲಸ ಮಾಡುವುದು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ. ದೇಹದ ಸೆರೊಟೋನಿನ್‌ನ ಹೆಚ್ಚಿನ ಪಾಲು ಇರುವುದು ಕರುಳಿನಲ್ಲೇ ಆದ್ದರಿಂದ ಮಾತ್ರೆಯ ಪೆಟ್ಟು ಮೊದಲು ಹೊಟ್ಟೆಗೆ ತಿಳಿಯುತ್ತದೆ: ವಾಕರಿಕೆ, ಸಡಿಲ ಭೇದಿ, ಬಾಯಿ ಒಣಗುವುದು. ಇವು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತವೆ. ತಲೆನೋವು, ಬೆವರು, ಅತಿಯಾದ ಆಕಳಿಕೆ, ನಿದ್ದೆಯ ಏರುಪೇರು ಬರಬಹುದು. ಮೊದಲ ದಿನಗಳಲ್ಲಿ ಆತಂಕ ಕಡಿಮೆಯಾಗುವ ಬದಲು ಹೆಚ್ಚಿದಂತೆಯೂ ಅನ್ನಿಸಬಹುದು. ಔಷಧಿ ಮೆದುಳಿನ ಮೇಲೆ ಕೆಲಸ ಆರಂಭಿಸುವುದು ಗಂಟೆಗಳಲ್ಲಿ. ಆದರೆ ಮೆದುಳು ಆ ಬದಲಾವಣೆಗೆ ಹೊಂದಿಕೊಂಡು ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ, ಪೂರ್ಣ ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಒಟ್ಟಿನಲ್ಲಿ ಕೆಟ್ಟದ್ದು ಮೊದಲು ಬರುತ್ತದೆ, ಒಳ್ಳೆಯದು ಆಮೇಲೆ. ಯಾವುದಕ್ಕೆ ಕಾಯಬಾರದು ಎನ್ನುವುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದೆವು: ಸಾವಿನ ಯೋಚನೆ ಹೆಚ್ಚಿದರೆ, ತಡೆಯಲಾಗದ ಚಡಪಡಿಕೆ ಬಂದರೆ, ನಿದ್ದೆಯಿಲ್ಲದೆಯೂ ಅತಿಯಾದ ಹುರುಪು ಕಂಡರೆ, ಜ್ವರದೊಂದಿಗೆ ಮೈ ಸೆಟೆದು ನಡುಗಿದರೆ ಆ ಗಳಿಗೆಯಲ್ಲೇ ಕರೆ ಮಾಡಬೇಕು. ಸಾವಿನ ಯೋಚನೆ ಹೆಚ್ಚುವ ಅಪಾಯ ಮುಖ್ಯವಾಗಿ ಕಿರಿಯರಲ್ಲಿ. ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗಾಗಿ ಹೊರಡಿಸಿದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು 2007ರಲ್ಲಿ 24 ವರ್ಷದವರೆಗೆ ವಿಸ್ತರಿಸಿದ್ದು ಇದೇ ಕಾರಣಕ್ಕೆ. ಬೆಳೆಗಾರರ ವಯಸ್ಸು ಅದನ್ನು ಎಂದೋ ದಾಟಿದ್ದರೂ, ಅವರ ಒಂಬತ್ತನೆಯ ಉತ್ತರದ ಕಾರಣ ಎಚ್ಚರಿಕೆಯನ್ನು ಸಡಿಲಿಸಲಿಲ್ಲ. ಹಗಲು ರಾತ್ರಿ ಉಚಿತವಾಗಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು, ನಮ್ಮ ಸಂಖ್ಯೆಗಳ ಜೊತೆ, ಪತ್ನಿ ಮಳೆ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಬರೆದುಕೊಂಡರು.

ಬೇರೆ ಪುಸ್ತಕ ಸಿಗದೆ ಅವರು ಅದನ್ನು ತಂದಿದ್ದರು. ಖಾಲಿ ಬಿದ್ದ ಪುಟಗಳಲ್ಲಿ ಮಾತ್ರೆ ತೆಗೆದುಕೊಂಡ ಹೊತ್ತು, ನಿದ್ದೆಯ ಗಂಟೆ, ಹೊಟ್ಟೆಯ ಸ್ಥಿತಿ ಬರೆಯೋಣ ಎಂಬ ಯೋಚನೆ ಅಲ್ಲಿಯೇ ಹುಟ್ಟಿತು.

ಮೊದಲ ಮೂರು ವಾರಗಳು

ವೈದ್ಯರು ಈ ಸಲ 5 ಮಿಲಿಗ್ರಾಂನಿಂದ, ಬೆಳಗಿನ ತಿಂಡಿಯ ನಂತರ, ಆರಂಭಿಸಿದರು. ಮಳೆಗಾಲದಲ್ಲಿ ಮರ ಬಿದ್ದು ದಾರಿ ಮುಚ್ಚುವುದೂ ಕರೆಂಟು ಹೋಗಿ ಫೋನಿಗೆ ಸಿಗ್ನಲ್ ಇಲ್ಲವಾಗುವುದೂ ಇಲ್ಲಿ ನಿತ್ಯದ ಮಾತಾದ್ದರಿಂದ ಐದು ವಾರಕ್ಕೆ ಸಾಕಾಗುವಷ್ಟು ಮಾತ್ರೆ ಕೊಟ್ಟು, ಪಟ್ಟಿಗಳನ್ನು ಪತ್ನಿಯೇ ಇಟ್ಟುಕೊಂಡು ದಿನಕ್ಕೊಂದರಂತೆ ಕೊಡಬೇಕೆಂದರು. ಎರಡರಿಂದ ಆರನೆಯ ದಿನದವರೆಗೆ ಪುಸ್ತಕದಲ್ಲಿರುವುದು ‘ವಾಕರಿಕೆ’, ‘ವಾಕರಿಕೆ ಕಡಿಮೆ’, ‘ಆಕಳಿಕೆ ಬಹಳ’ ಎಂಬಂಥ ಮಾತುಗಳು. ಎಂಟನೆಯ ದಿನ ಮಾತ್ರೆ 10 ಮಿಲಿಗ್ರಾಂ ಆಯಿತು.

ಹತ್ತನೆಯ ರಾತ್ರಿ ಎರಡು ಗಂಟೆಗೆ ಬೆಳೆಗಾರರು ಎದ್ದು ಒಳಗಿಂದ ಜಗುಲಿಗೆ, ಜಗುಲಿಯಿಂದ ಒಳಕ್ಕೆ ನಡೆಯತೊಡಗಿದರು. ಮೈಯೊಳಗೆ ಇರುವೆ ಹರಿದಂತಾಗುತ್ತಿದೆ ಎಂದರು, ಮಾತ್ರೆ ಬೇಡವೇ ಬೇಡ ಎಂದರು. ಹಿಂದಿನ ಸಲ ಎಲ್ಲವೂ ಮುಗಿದುಹೋಗಿದ್ದು ಇಂಥದ್ದೇ ರಾತ್ರಿಯಲ್ಲಿ. ಪತ್ನಿ ವಾದಕ್ಕೆ ಇಳಿಯಲಿಲ್ಲ. ಪುಸ್ತಕ ತೆರೆದು, ‘ಚಡಪಡಿಕೆ ಬರಬಹುದು, ತಡೆಯಲಾಗದಿದ್ದರೆ ಕರೆ ಮಾಡಿ’ ಎಂದು ನಾನು ಬರೆಸಿದ್ದ ಸಾಲನ್ನು ತೋರಿಸಿ, ಬೆಳಗಾದ ಕೂಡಲೇ ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ಏನನ್ನೂ ತೀರ್ಮಾನಿಸುವುದು ಬೇಡ ಎಂದು ಅವರ ಜೊತೆ ಜಗುಲಿಯಲ್ಲಿ ಕೂತರು. ಇಡೀ ಪ್ರಕರಣದ ತಿರುವು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆದರೂ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು: ಬೆಳಗಿನವರೆಗೆ ಕಾಯುವ ಅಗತ್ಯವೂ ಇರಲಿಲ್ಲ, 14416ಕ್ಕೆ ಆಗಲೇ ಕರೆ ಮಾಡಬಹುದಿತ್ತು. ಆ ಸಂಖ್ಯೆ ಇರುವುದೇ ಇಂಥ ಎರಡು ಗಂಟೆಗಳಿಗಾಗಿ ಎಂಬುದನ್ನು ನಾನು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಬೆಳಿಗ್ಗೆ ವೈದ್ಯರು ಬೆಳೆಗಾರರೊಂದಿಗೇ ಮಾತನಾಡಿದರು. ಸಾವಿನ ಯೋಚನೆ ಹೆಚ್ಚಿದೆಯೇ, ಮನಸ್ಸು ವಿಪರೀತ ವೇಗವಾಗಿ ಓಡುತ್ತಿದೆಯೇ ಎಂದು ವಿಚಾರಿಸಿ, ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮಾತ್ರೆಯನ್ನು ನಿಲ್ಲಿಸದೆ, ಮತ್ತೆ 5 ಮಿಲಿಗ್ರಾಂಗೆ ಇಳಿಸಿ ಇನ್ನೂ ಒಂದು ವಾರ ಅಲ್ಲಿಯೇ ಇರಿಸಿದರು. ಮೂರನೆಯ ದಿನಕ್ಕೆ ಚಡಪಡಿಕೆ ತಗ್ಗಿತು. ಮುಂದುವರಿಸುವುದು, ನಿಲ್ಲಿಸುವುದು ಎಂಬ ಎರಡೇ ದಾರಿಗಳಿವೆ ಎಂದು ಆ ಮನೆಯವರು ತಿಳಿದಿದ್ದರು. ನಿಧಾನಿಸುವುದು ಎಂಬ ಮೂರನೆಯದೂ ಇದೆ ಎಂಬುದು ಅವರಿಗೆ ಹೊಸದಾಗಿತ್ತು.

ಜೂನ್ ಕೊನೆಯ ದಿನ, ಮಾತ್ರೆ ಆರಂಭಿಸಿ ಹತ್ತೊಂಬತ್ತನೆಯ ದಿನ, ಬೆಳೆಗಾರರು ಏನೂ ಮಾತಾಡದೆ ಕೊಡೆ ಹಿಡಿದು ಅಂಗಳಕ್ಕೆ ಇಳಿದರು. ಮಳೆಮಾಪಕದ ಕೊಳವೆಯಲ್ಲಿ ಸಿಕ್ಕಿದ್ದ ಎಲೆಯನ್ನು ತೆಗೆದು, ನೀರನ್ನು ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು. ಪತ್ನಿಯ ಕೈಬರಹದಲ್ಲಿ ‘ಮಾತ್ರೆ 8 ಗಂಟೆ, ನಿದ್ದೆ 5 ತಾಸು’ ಎಂದಿರುವ ಸಾಲಿನ ಪಕ್ಕದಲ್ಲೇ ಅವರ ಕೈಬರಹದಲ್ಲಿ ‘2 ಇಂಚು 35 ಸೆಂಟ್’ ಎಂದಿದೆ. ಮನಸ್ಸು ಹೇಗಿದೆ ಎಂದು ಅಂದು ನಾನು ಫೋನಿನಲ್ಲಿ ಕೇಳಿದಾಗ, ಏನೂ ಬದಲಾವಣೆಯಿಲ್ಲ ಎಂದೇ ಉತ್ತರಿಸಿದರು. ಖಿನ್ನತೆ ಇಳಿಯುವಾಗ ಹೀಗೆಯೇ ಆಗುವುದನ್ನು ಹಲವು ಬಾರಿ ಕಂಡಿದ್ದೇನೆ. ಕೈಕಾಲಿಗೆ ಮೊದಲು ತಿಳಿಯುತ್ತದೆ, ಮನೆಯವರಿಗೆ ಆಮೇಲೆ, ಸ್ವತಃ ಅವರಿಗೆ ಎಲ್ಲಕ್ಕಿಂತ ಕೊನೆಯಲ್ಲಿ.

ಮಳೆಗಾಲ ಮುಗಿಯುವವರೆಗೆ

ನಾಲ್ಕನೆಯ ವಾರ 15 ಇದ್ದ ಅಂಕ ಎಂಟನೆಯ ವಾರಕ್ಕೆ 8ಕ್ಕೆ ಇಳಿಯಿತು. ಆಗಸ್ಟ್ 3, ಕಕ್ಕಡ ಹದಿನೆಂಟರ ದಿನ, ಅವರು ಮದ್ದು ಸೊಪ್ಪಿನ ಪಾಯಸವನ್ನು ಎರಡು ಸಲ ಹಾಕಿಸಿಕೊಂಡರಂತೆ. ಇದನ್ನು ತಿಳಿಸಲೆಂದೇ ತಾಯಿ ನನಗೆ ಫೋನ್ ಮಾಡಿಸಿದ್ದರು.

ಸೆಪ್ಟೆಂಬರ್ 3ರ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಹತ್ತಿರ ಬಂದಂತೆ ಕೋವಿಯ ಪ್ರಶ್ನೆ ಮತ್ತೆ ಎದ್ದಿತು. ಆಯುಧಪೂಜೆಯ ದಿನ ಮನೆಯ ಕೋವಿ ಮನೆಯಲ್ಲಿಲ್ಲದಿರುವುದನ್ನು ಯಾರೂ ಒಪ್ಪುವಂತಿರಲಿಲ್ಲ. ಈಗ ಅವರು ಚೆನ್ನಾಗಿದ್ದಾರಲ್ಲ, ಮರಳಿಸಿಬಿಡೋಣ ಎಂದು ಅಣ್ಣನೂ ಹೇಳಿದರು. ವೈದ್ಯರು ಈ ತೀರ್ಮಾನವನ್ನು ಬೆಳೆಗಾರರಿಗೇ ಕೇಳಿದರು. ಬೆಳಿಗ್ಗೆ ತಂದು, ಕೋವಿಗೆ ಮುಡಿಸುವ ಹೂವಾದ ತೋಕ್‌ಪೂ ಇಟ್ಟು ಪೂಜೆ ಮಾಡಿ, ಸಂಜೆ ಅಣ್ಣನೇ ಒಯ್ಯಲಿ, ಇನ್ನು ಕೆಲವು ತಿಂಗಳು ಅಲ್ಲೇ ಇರಲಿ ಎಂದವರು ಸ್ವತಃ ಬೆಳೆಗಾರರೇ. ತನ್ನ ಸುರಕ್ಷತೆಯ ಹೊಣೆಯನ್ನು ಅವರು ತಾವೇ ಕೈಗೆತ್ತಿಕೊಂಡ ಗಳಿಗೆ ಅದು, ಅಂಕಪಟ್ಟಿಯ ಯಾವ ಇಳಿಕೆಗಿಂತಲೂ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಅದೇ. ಸೆಪ್ಟೆಂಬರ್ ನಡುವೆ ಅಂಕ 4ಕ್ಕೆ ಬಂದಿತ್ತು.

ನಾನು ಹೇಳದೆ ಬಿಟ್ಟ ಮಾತೊಂದು ಇದೇ ಹೊತ್ತಿಗೆ ಹೊರಬಂತು. ಈ ಬಗೆಯ ಔಷಧಿಗಳಿಂದ ಲೈಂಗಿಕ ಆಸಕ್ತಿ ಕುಂದುವುದು, ತೃಪ್ತಿ ತಡವಾಗುವುದು ಬಹಳ ಸಾಮಾನ್ಯ. ವಾಕರಿಕೆಯಂತೆ ಇದು ತಾನಾಗಿ ಬೇಗ ಹೋಗುತ್ತದೆ ಎಂದು ಭರವಸೆ ಕೊಡಲಾಗುವುದಿಲ್ಲ. ಎಲ್ಲವನ್ನೂ ಹೇಳಿ ಎಂದು ಅವರು ಕೇಳಿದ್ದರೂ, ತಾಯಿ ಎದುರಿಗಿದ್ದರೆಂಬ ಸಂಕೋಚದಿಂದ ನಾನು ಇದನ್ನು ದಾಟಿಸಿಬಿಟ್ಟಿದ್ದೆ. ಮೂರು ತಿಂಗಳು ಗಂಡ ಹೆಂಡತಿ ಇಬ್ಬರೂ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಇದು ತಮ್ಮ ನಡುವಿನ ದೂರವೆಂದು ತಿಳಿದು ನೊಂದಿದ್ದರು. ಕೊನೆಗೆ ಬೆಳೆಗಾರರು ವೈದ್ಯರ ಬಳಿ ಒಬ್ಬರೇ ಇದ್ದಾಗ ಬಾಯಿಬಿಟ್ಟರು. ಪ್ರಮಾಣ ಇಳಿಸುವುದು, ಬೇರೆ ಔಷಧಿಗೆ ಬದಲಿಸುವುದು ಮುಂತಾದ ದಾರಿಗಳನ್ನು ವೈದ್ಯರು ವಿವರಿಸಿದ ಮೇಲೆ, ಸದ್ಯಕ್ಕೆ ಹೀಗೇ ಮುಂದುವರಿಯೋಣ ಎಂದು ದಂಪತಿಗಳೇ ಆರಿಸಿಕೊಂಡರು. ಕಾರಣ ತಿಳಿದದ್ದೇ ಅರ್ಧ ಸಮಾಧಾನ ಎಂದು ಪತ್ನಿ ನನಗೆ ಆಮೇಲೆ ಹೇಳಿದರು. ಅಂದಿನಿಂದ ಔಷಧಿ ಆರಂಭಿಸುವ ಪ್ರತಿಯೊಬ್ಬರ ಜೊತೆಗೂ ಐದು ನಿಮಿಷವಾದರೂ ಏಕಾಂತದಲ್ಲಿ ಮಾತನಾಡದೆ ನಾನು ಕಳಿಸುತ್ತಿಲ್ಲ.

ಪುತ್ತರಿಯ ಐದು ದಿನಗಳು

ಎರಡನೆಯ ಎಡವು ಚೇತರಿಕೆಯಿಂದಲೇ ಬಂತು. ಹೊಸ ಭತ್ತದ ಹಬ್ಬವಾದ ಪುತ್ತರಿಯ ಹೊತ್ತಿಗೆ ಅವರು ಕದಿರು ತೆಗೆಯಲು ಗದ್ದೆಗೆ ಇಳಿಯುವಷ್ಟು, ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ನೆಂಟರೊಡನೆ ನಗುವಷ್ಟು ಚೆನ್ನಾಗಿದ್ದರು. ಹಬ್ಬದಲ್ಲಿ ಎಲ್ಲರ ಜೊತೆ ಗ್ಲಾಸು ಹಿಡಿಯಬೇಕೆಂದು, ಮದ್ಯವೂ ಮಾತ್ರೆಯೂ ಒಟ್ಟಿಗೆ ಬೇಡವೆಂಬ ನಮ್ಮ ಮಾತನ್ನು ನೆನೆದು, ಅವರು ಮಾತ್ರೆಯನ್ನೇ ಬಿಟ್ಟರು. ವಾಸಿಯಾಗಿದೆಯಲ್ಲ ಎಂಬ ಧೈರ್ಯವೂ ಇತ್ತು. ಮೂರನೆಯ ದಿನ ತಲೆಸುತ್ತು, ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ ಜುಮ್ಮೆನ್ನುವುದು, ಸಣ್ಣ ಮಾತಿಗೂ ರೇಗುವುದು. ಐದನೆಯ ದಿನ ಅವರೇ ಫೋನ್ ಮಾಡಿ, “ಮೇಡಂ, ನಾನು ಈ ಮಾತ್ರೆಗೆ ದಾಸನಾಗಿಬಿಟ್ಟೆನಾ?” ಎಂದು ಕೇಳಿದರು.

ಇದು ಚಟವಲ್ಲ. ಚಟವೆಂದರೆ ಹೆಚ್ಚು ಹೆಚ್ಚು ಬೇಕೆನಿಸುವುದು, ಸಿಗದಿದ್ದರೆ ಅದನ್ನೇ ಹಂಬಲಿಸುವುದು. ಇವರಿಗೆ ಅಂಥ ಹಂಬಲವೇನೂ ಇರಲಿಲ್ಲ. ತಿಂಗಳುಗಟ್ಟಲೆ ಔಷಧಿಗೆ ಹೊಂದಿಕೊಂಡ ಮೆದುಳು, ಅದು ಥಟ್ಟನೆ ನಿಂತಾಗ ತೋರುವ ತಡಬಡಿಕೆ ಇದು. ಕಾಯಿಲೆ ಮರಳಿದ್ದೂ ಅಲ್ಲ, ಏಕೆಂದರೆ ಖಿನ್ನತೆ ಸಾಮಾನ್ಯವಾಗಿ ವಾರಗಳ ಮೇಲೆ ಮೆಲ್ಲಗೆ ಮರಳುತ್ತದೆ, ಇದು ದಿನಗಳಲ್ಲಿ ಬರುತ್ತದೆ. ವೈದ್ಯರು ಮಾತ್ರೆಯನ್ನು ಮತ್ತೆ ಆರಂಭಿಸಿದರು. ಎರಡೇ ದಿನದಲ್ಲಿ ತಲೆಸುತ್ತು ಹೋಯಿತು. ಹೇಗೆ ಆರಂಭಿಸಬೇಕು ಎಂಬುದನ್ನು ನಾವು ಪುಟಗಟ್ಟಲೆ ಬರೆಸಿದ್ದೆವು, ಹೇಗೆ ನಿಲ್ಲಿಸಬೇಕು ಎಂಬುದರ ಬಗ್ಗೆ ಒಂದು ಸಾಲನ್ನೂ ಬರೆಸಿರಲಿಲ್ಲ. ಮದ್ಯದ ಬಗ್ಗೆ ‘ಬೇಡ’ ಎಂದಷ್ಟೇ ಹೇಳಿ, ಕೊಡಗಿನ ಹಬ್ಬವೊಂದರಲ್ಲಿ ಗ್ಲಾಸು ಬೇಡವೆನ್ನುವುದು ಮನುಷ್ಯನಿಗೆ ಎಷ್ಟು ಕಷ್ಟ ಎಂಬುದನ್ನು ಮಾತಿಗೇ ತಂದಿರಲಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಕೂತು ಮಾತನಾಡಿದೆವು. ಗ್ಯಾಸ್ಟ್ರಿಕ್ ಇದೆ, ಡಾಕ್ಟರು ಬೇಡ ಅಂದಿದ್ದಾರೆ ಎನ್ನುವುದು ಅವರೇ ಕಂಡುಕೊಂಡ ಉತ್ತರ.

ನಿಲ್ಲಿಸುವ ಕಾಲ

ಮೊದಲ ಬಾರಿಯ ಖಿನ್ನತೆಯಲ್ಲಿ, ಪೂರ್ಣ ಚೇತರಿಸಿದ ಮೇಲೂ ಆರರಿಂದ ಒಂಬತ್ತು ತಿಂಗಳು ಅದೇ ಪ್ರಮಾಣವನ್ನು ಮುಂದುವರಿಸುವುದು ರೂಢಿ. ಆ ಲೆಕ್ಕದಲ್ಲಿ ಇವರ ಒಂಬತ್ತು ತಿಂಗಳು ಮುಗಿಯುವುದು ಮರುವರ್ಷದ ಜೂನ್ ನಡುವೆ, ಅಂದರೆ ಮಳೆ ಹಿಡಿಯುವ ಹೊತ್ತಿಗೆ. ಮನೆ ಕತ್ತಲಾಗಿ, ದಾರಿ ಕಡಿದು, ಬರೆ ಜಾರುವ ಭಯದಲ್ಲಿ ರಾತ್ರಿ ಕಳೆಯುವ ಆ ತಿಂಗಳುಗಳಲ್ಲಿ ಔಷಧಿ ಇಳಿಸುವುದು ಬೇಡ ಎಂದು ಬೆಳೆಗಾರರೇ ಕೇಳಿಕೊಂಡರು, ವೈದ್ಯರು ಒಪ್ಪಿದರು. ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣ ಕಳೆದ ಮೇಲೆ, 10ರಿಂದ 5 ಮಿಲಿಗ್ರಾಂಗೆ ಇಳಿಸಲಾಗಿದೆ. ತಲೆಸುತ್ತು ಬಂದರೆ ಹಿಂದಿನ ಮೆಟ್ಟಿಲಿಗೆ ಮರಳುವುದು, ಬರದಿದ್ದರೆ ಕೆಲವು ವಾರಗಳ ನಂತರ ಮುಂದಿನ ಮೆಟ್ಟಿಲು ಎಂದು ಈ ಸಲ ಪುಸ್ತಕದಲ್ಲಿ ಬರೆದಿದೆ, ಮತ್ತು ಆ ಬರಹ ಬೆಳೆಗಾರರದ್ದೇ.

ಕೋವಿ ಇನ್ನೂ ಅಣ್ಣನ ಮನೆಯಲ್ಲಿದೆ. ಮಾತ್ರೆ ಪೂರ್ತಿ ನಿಂತು ಮೂರು ತಿಂಗಳು ಕಳೆದ ಮೇಲೆ ಅದರ ಮಾತು ಎತ್ತೋಣ ಎಂದು ಅವರು ಹೇಳಿದ್ದಾರೆ.